ಎರಡು ಸರ್ವರ್‌ಗೆ ಒಂದೇ ಸ್ಟೋರೇಜ್: ಜೋಡಣೆ ಸುಲಭ, ಬೇಲಿ ಕಡ್ಡಾಯ

ಬ್ಯಾಂಕಿನ ಖಾತೆ, ಆಸ್ಪತ್ರೆಯ ರೋಗಿ ದಾಖಲೆ, ವಿಶ್ವವಿದ್ಯಾಲಯದ ಫಲಿತಾಂಶ ಮುಂತಾದ ಸೇವೆಗಳನ್ನು ಒಂದೇ ಒಂದು ಸರ್ವರ್ ನಂಬಿ ನಡೆಸುವುದು ಅಪಾಯಕರ. ಒಂದು ಕೆಟ್ಟರೆ ಮತ್ತೊಂದು ಕೆಲಸವನ್ನು ಕೈಗೆತ್ತಿಕೊಳ್ಳಲೆಂಬ ಉದ್ದೇಶದಿಂದ ಎರಡು ಅಥವಾ ಹೆಚ್ಚು ಸರ್ವರ್‌ಗಳನ್ನು ಒಟ್ಟುಗೂಡಿಸುವ ವ್ಯವಸ್ಥೆಗೆ ಕ್ಲಸ್ಟರ್ ಎಂದು ಹೆಸರು. ಸರ್ವರ್ ಕೊಳ್ಳಲು ಹಣ ಸಾಕು. ಅವುಗಳನ್ನು ಜಾಲದಲ್ಲಿ ಬೆಸೆಯುವುದೂ ಕಷ್ಟವಲ್ಲ. ತೊಡಕಿರುವುದು ಮಾಹಿತಿಯ ವಿಷಯದಲ್ಲಿ. ಮೊದಲ ಸರ್ವರ್‌ನ ಒಡಲಲ್ಲಿರುವ ಡಿಸ್ಕಿನಲ್ಲೇ ಮಾಹಿತಿಯೂ ಇದ್ದರೆ, ಅದು ನಿಂತ ಕ್ಷಣ ಮಾಹಿತಿಯೂ ಅದರೊಡನೆ ನಿಲ್ಲುತ್ತದೆ. ಎರಡನೆಯದು ಬರಿಗೈಯಲ್ಲಿ ಉಳಿಯುತ್ತದೆ. ಆದುದರಿಂದ ಮಾಹಿತಿಯನ್ನು ಎಲ್ಲ ಸರ್ವರ್‌ಗಳಿಗೂ ಎಟಕುವಂತೆ ಹೊರಗಿಡಬೇಕು. ಇದೇ ಹಂಚಿಕೆಯ ಸ್ಟೋರೇಜ್.

ಇದನ್ನು ಅಳವಡಿಸುವ ಅನೇಕ ಕಚೇರಿಗಳು ಡಿಸ್ಕು ಎರಡೂ ಕಡೆ ಕಾಣಿಸಿಕೊಂಡಿತೆಂದರೆ ಕೆಲಸ ಮುಗಿಯಿತೆಂದು ಭಾವಿಸುತ್ತವೆ. ವಾಸ್ತವದಲ್ಲಿ ಅಲ್ಲಿಂದಲೇ ಕೆಲಸದ ಆರಂಭ.

ಒಂದು ವಹಿ, ಇಬ್ಬರು ಗುಮಾಸ್ತರು

ಕಚೇರಿಯ ಆವಕ-ಜಾವಕ ವಹಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮುಂದಿನ ಖಾಲಿ ಪುಟ 42 ಎಂಬುದನ್ನು ಗುಮಾಸ್ತರು ಪ್ರತಿ ಬಾರಿ ವಹಿ ತಿರುವಿ ನೋಡುವುದಿಲ್ಲ, ನೆನಪಿನಲ್ಲಿಟ್ಟುಕೊಂಡಿರುತ್ತಾರೆ. ಒಬ್ಬರೇ ಇರುವ ತನಕ ಈ ನೆನಪಿನಿಂದ ಕೆಲಸ ಬೇಗ ಸಾಗುತ್ತದೆ. ಪರಸ್ಪರ ಮಾತಿಲ್ಲದ ಇಬ್ಬರು ಗುಮಾಸ್ತರು ಅದೇ ವಹಿಯನ್ನು ಸರದಿಯಲ್ಲಿ ಬಳಸಿದರೆ? ಇಬ್ಬರ ನೆನಪಿನಲ್ಲೂ 42 ಖಾಲಿ. ಇಬ್ಬರೂ ಅಲ್ಲೇ ಬರೆಯುತ್ತಾರೆ. ಒಬ್ಬರ ಬರಹದ ಮೇಲೆ ಇನ್ನೊಬ್ಬರ ಬರಹ.

ಎಕ್ಸ್ಟ್4, ಎಕ್ಸ್ಎಫ್ಎಸ್ ಮುಂತಾದ ಸಾಮಾನ್ಯ ಕಡತ ವ್ಯವಸ್ಥೆಗಳನ್ನು ಒಂದೇ ಡಿಸ್ಕಿನ ಮೇಲೆ ಎರಡು ಸರ್ವರ್‌ಗಳು ಏಕಕಾಲಕ್ಕೆ ತೆರೆದಾಗ ಆಗುವುದು ಇದೇ. ಖಾಲಿ ಜಾಗ ಎಲ್ಲಿದೆ, ಯಾವ ಕಡತ ಎಲ್ಲಿದೆ ಎಂಬ ವಿವರವನ್ನು ಪ್ರತಿಯೊಂದು ಸರ್ವರ್ ತನ್ನ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ಇನ್ನೊಂದು ಸರ್ವರ್ ಡಿಸ್ಕನ್ನು ಬದಲಿಸಿದ್ದು ಅದಕ್ಕೆ ತಿಳಿಯುವುದಿಲ್ಲ. ಯಾವ ದೋಷ ಸಂದೇಶವೂ ಕೂಡಲೇ ಬಾರದಿರುವುದು ಇಲ್ಲಿನ ದೊಡ್ಡ ಅಪಾಯ. ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರ, ಯಾರೋ ಒಂದು ಕಡತ ತೆರೆದಾಗ ಒಳಗೆ ಬೇರೆಯದೇ ಮಾಹಿತಿ ಇರುತ್ತದೆ. ಅಷ್ಟರಲ್ಲಿ ಆ ಕೆಟ್ಟ ಮಾಹಿತಿಯ ಬ್ಯಾಕಪ್ ಕೂಡ ಆಗಿರುತ್ತದೆ. ಎಕ್ಸ್ಟ್4ನಲ್ಲಿ ಇಂತಹ ಇಮ್ಮಡಿ ಜೋಡಣೆಯನ್ನು ತಡೆಯುವ ಒಂದು ಆಯ್ಕೆ ಇದೆಯಾದರೂ ಅದನ್ನು ನಾವೇ ಚಾಲೂ ಮಾಡಬೇಕು.

ದತ್ತಸಂಚಯಗಳಿಗೂ ಈ ಮಾತು ಅನ್ವಯ. ಪೋಸ್ಟ್‌ಗ್ರೆಸ್‌ನ ಎರಡು ಪ್ರತಿಗಳನ್ನು ಒಂದೇ ದತ್ತಾಂಶ ಕೋಶದ ಮೇಲೆ ಓಡಿಸಿದರೆ ಸಂಚಯ ಹಾಳಾಗುತ್ತದೆ. ಒರಾಕಲ್ ಸಂಸ್ಥೆಯ ರ‍್ಯಾಕ್‌ನಂತೆ ಆ ಉದ್ದೇಶಕ್ಕೆಂದೇ ರಚಿತವಾದವು ಮಾತ್ರ ಇದಕ್ಕೆ ಹೊರತು.

ಯಾವ ಬಗೆಯ ಸ್ಟೋರೇಜ್?

ಅತ್ಯಂತ ಸರಳವಾದುದು ಎನ್ಎಫ್ಎಸ್. ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಡಿಸ್ಕಿನ ಯಜಮಾನ ಒಬ್ಬನೇ. ಉಳಿದ ಸರ್ವರ್‌ಗಳು ಅವನಿಂದ ಕಡತ ಕೇಳಿ ಪಡೆಯುತ್ತವೆ. ವಹಿ ಒಬ್ಬರ ಕೈಯಲ್ಲೇ ಇರುವುದರಿಂದ ಮೇಲಿನ ಗೊಂದಲವಿಲ್ಲ. ಆದರೆ ಆ ಯಜಮಾನನೇ ಮಲಗಿದರೆ ಎಲ್ಲರೂ ನಿಲ್ಲುತ್ತಾರೆ.

ಎರಡನೆಯದು ಡಿಸ್ಕನ್ನೇ ಜಾಲದ ಮೂಲಕ ಒದಗಿಸುವ ಸ್ಯಾನ್ ಪದ್ಧತಿ. ಫೈಬರ್ ಚಾನೆಲ್ ದುಬಾರಿಯಾದ ಕಾರಣ ಮಧ್ಯಮ ಗಾತ್ರದ ಕಚೇರಿಗಳು ಸಾಧಾರಣ ಎತರ್‌ನೆಟ್ ಮೇಲೆಯೇ ಓಡುವ ಐಸ್ಕಸಿಯನ್ನು ಆರಿಸಿಕೊಂಡವು. ಇದರ ಮಾನಕ 2004ರಲ್ಲಿ ಪ್ರಕಟವಾಯಿತು. ಸರ್ವರ್‌ಗೆ ಇದು ಒಳಗಿನ ಡಿಸ್ಕಿನಂತೆಯೇ ತೋರುತ್ತದೆ. ಹಾಗೆ ತೋರುವುದೇ ಇದರ ಅನುಕೂಲ, ಇದರ ಅಪಾಯ ಕೂಡ.

ಮೂರನೆಯದರಲ್ಲಿ ಹೊರಗಿನ ಪೆಟ್ಟಿಗೆಯೇ ಇರುವುದಿಲ್ಲ. ವಿಯೆನ್ನಾದ ಲಿನ್‌ಬಿಟ್ ಸಂಸ್ಥೆಯ ಡಿಆರ್‌ಬಿಡಿ ಎರಡು ಸರ್ವರ್‌ಗಳ ಒಳ ಡಿಸ್ಕುಗಳನ್ನು ಜಾಲದ ಮೂಲಕ ಒಂದರ ಪಡಿಯಚ್ಚಾಗಿ ಇನ್ನೊಂದನ್ನು ಇರಿಸುತ್ತದೆ. 2010ರಲ್ಲಿ ಇದು ಲಿನಕ್ಸ್ ಕರ್ನಲ್‌ನ ಭಾಗವಾಯಿತು. ಹತ್ತಾರು ಸರ್ವರ್‌ಗಳಿದ್ದರೆ ಸೆಫ್, ಗ್ಲಸ್ಟರ್ ಮುಂತಾದ ವಿತರಣಾ ವ್ಯವಸ್ಥೆಗಳಿವೆ. ಗ್ಲಸ್ಟರ್‌ಗೆ ಬೆಂಗಳೂರಿನ ನಂಟಿದೆ. ಅದರ ಎಂಜಿನಿಯರ್‌ಗಳ ದೊಡ್ಡ ತಂಡವೊಂದು ಇಲ್ಲಿಂದಲೇ ಕೆಲಸ ಮಾಡುತ್ತಿತ್ತು. 2011ರಲ್ಲಿ ರೆಡ್ ಹ್ಯಾಟ್ ಆ ಕಂಪನಿಯನ್ನು ಸುಮಾರು 13.6 ಕೋಟಿ ಡಾಲರ್‌ಗೆ ಖರೀದಿಸಿತು. ಅದರ ಮೇಲೆ ಕಟ್ಟಿದ ವಾಣಿಜ್ಯ ಉತ್ಪನ್ನದ ಬೆಂಬಲವನ್ನು 2024ರ ಡಿಸೆಂಬರ್ ಅಂತ್ಯಕ್ಕೆ ನಿಲ್ಲಿಸಿತು. ಹೊಸದಾಗಿ ಅಳವಡಿಸುವವರು ಈ ಸಂಗತಿಯನ್ನು ಗಮನದಲ್ಲಿಡಬೇಕು.

ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ಮುನ್ನ ಇನ್ನೊಂದು ಪ್ರಶ್ನೆ ಇದೆ: ಎರಡೂ ಸರ್ವರ್‌ಗಳು ಏಕಕಾಲಕ್ಕೆ ಬರೆಯಲೇಬೇಕೆ? ಬಹುಪಾಲು ಕಚೇರಿಗಳಿಗೆ ಬೇಕಿಲ್ಲ. ಒಂದು ಕೆಲಸ ಮಾಡುತ್ತಿರಲಿ, ಇನ್ನೊಂದು ಕಾಯುತ್ತಿರಲಿ ಎಂದಾದರೆ ಡಿಸ್ಕನ್ನು ಒಂದು ಹೊತ್ತಿಗೆ ಒಂದೇ ಸರ್ವರ್ ತೆರೆಯುತ್ತದೆ, ಸಾಮಾನ್ಯ ಎಕ್ಸ್ಎಫ್ಎಸ್ ಸಾಕಾಗುತ್ತದೆ. ಮಾರಾಟಗಾರರು ಹೇಳಿದರೆಂದು ಎರಡೂ ಕಡೆ ತೆರೆಯುವ ದುಬಾರಿ ವ್ಯವಸ್ಥೆಗೆ ಕೈಹಾಕುವ ಅಗತ್ಯವಿಲ್ಲ. ಆದರೆ ‘ಒಂದು ಹೊತ್ತಿಗೆ ಒಂದೇ’ ಎಂಬ ನಿಯಮ ಪಾಲನೆಯಾಗುವಂತೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಇಲ್ಲಿಯೂ ಉಳಿಯುತ್ತದೆ.

ದಾರಿ ಎರಡಿರಲಿ

ಜೋಡಣೆಯ ಕ್ರಮವನ್ನು ಐಸ್ಕಸಿಯ ಉದಾಹರಣೆಯಲ್ಲೇ ನೋಡಬಹುದು. ಸ್ಟೋರೇಜ್‌ನ ಸಂಚಾರಕ್ಕೆ ಪ್ರತ್ಯೇಕ ಜಾಲ ಬೇಕು. ಸಿಬ್ಬಂದಿಯ ಇಮೇಲ್, ಮುದ್ರಣದ ಸಂಚಾರವಿರುವ ಸ್ವಿಚ್‌ನಲ್ಲೇ ಇದನ್ನೂ ತೂರಿಸುವುದು ಸಲ್ಲದು. ಪ್ರತಿ ಸರ್ವರ್‌ನಿಂದ ಎರಡು ಜಾಲ ಕಾರ್ಡ್, ಎರಡು ಸ್ವಿಚ್, ಸ್ಟೋರೇಜ್ ಪೆಟ್ಟಿಗೆಯಲ್ಲಿ ಎರಡು ನಿಯಂತ್ರಕ ಇದ್ದರೆ ಒಂದು ದಾರಿ ಮುಚ್ಚಿದರೂ ಇನ್ನೊಂದು ತೆರೆದಿರುತ್ತದೆ. ಆಗ ಒಂದೇ ಡಿಸ್ಕು ಸರ್ವರ್‌ಗೆ ಎರಡೆರಡು ಡಿಸ್ಕುಗಳಾಗಿ ಕಾಣುತ್ತದೆ. ಇವೆಲ್ಲ ಒಂದೇ ಎಂದು ಡಿಸ್ಕಿನ ವಿಶ್ವವ್ಯಾಪಿ ಗುರುತುಸಂಖ್ಯೆಯ ಆಧಾರದಲ್ಲಿ ಗುರುತಿಸಿ ಬೆಸೆಯುವ ತಂತ್ರಾಂಶಕ್ಕೆ ಮಲ್ಟಿಪಾತ್ ಎನ್ನುತ್ತಾರೆ. ಸರ್ವರ್ ಮರುಚಾಲನೆಯಾದಾಗ ಡಿಸ್ಕುಗಳ ಸಾಮಾನ್ಯ ಹೆಸರು ಅದಲುಬದಲಾಗಬಹುದು, ಗುರುತುಸಂಖ್ಯೆ ಬದಲಾಗದು. ಆದುದರಿಂದ ಎಲ್ಲ ಕಡೆಯೂ ಅದನ್ನೇ ನಮೂದಿಸಬೇಕು.

ಯಾವ ಸರ್ವರ್‌ಗೆ ಯಾವ ಡಿಸ್ಕು ಕಾಣಬೇಕು ಎಂಬುದನ್ನು ಸ್ಟೋರೇಜ್ ಪೆಟ್ಟಿಗೆಯಲ್ಲೇ ನಿಗದಿ ಮಾಡುವುದು ಅವಶ್ಯ. ಕ್ಲಸ್ಟರ್‌ಗೆ ಸೇರದ ಮೂರನೆಯ ಸರ್ವರ್ ಒಂದಕ್ಕೆ ಆ ಡಿಸ್ಕು ‘ಖಾಲಿ’ ಎಂದು ತೋರಿ, ಯಾರೋ ಅದನ್ನು ಫಾರ್ಮ್ಯಾಟ್ ಮಾಡುವ ಸಂಭವವಿದೆ. ಈ ಹಂಚಿಕೆ ಸರ್ವರ್‌ನ ಐಸ್ಕಸಿ ಹೆಸರಿನ ಮೇಲೆ ನಿಂತಿದೆ. ಒಂದು ವರ್ಚುವಲ್ ಯಂತ್ರವನ್ನು ಸಜ್ಜುಗೊಳಿಸಿ ಅದರ ನಕಲು ತೆಗೆದರೆ ಹೆಸರೂ ನಕಲಾಗುತ್ತದೆ. ಇಬ್ಬರು ಒಂದೇ ಹೆಸರಿನಲ್ಲಿ ಬಾಗಿಲು ತಟ್ಟಿದಂತಾಗುತ್ತದೆ. ನಕಲಿನ ಹೆಸರನ್ನು ಬದಲಿಸುವುದು ಮೊದಲ ಕೆಲಸ.

ಕಾಲಮಿತಿಗಳತ್ತಲೂ ಗಮನವಿರಲಿ. ದಾರಿ ತುಂಡಾದರೆ ಲಿನಕ್ಸ್‌ನ ಐಸ್ಕಸಿ ತಂತ್ರಾಂಶ ಪೂರ್ವನಿಗದಿತವಾಗಿ 120 ಸೆಕೆಂಡ್ ಕಾಯುತ್ತದೆ. ಮಲ್ಟಿಪಾತ್ ಇರುವಲ್ಲಿ ಇಷ್ಟು ಕಾಯುವುದರಲ್ಲಿ ಅರ್ಥವಿಲ್ಲ. ಇದನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಿದರೆ ಎರಡನೆಯ ದಾರಿ ಬೇಗ ಬಳಕೆಗೆ ಬರುತ್ತದೆ. ಎಲ್ಲ ದಾರಿಗಳೂ ಮುಚ್ಚಿದಾಗ ಬರಹವನ್ನು ಅನಂತ ಕಾಲ ಸಾಲಿನಲ್ಲಿ ನಿಲ್ಲಿಸುವ ಆಯ್ಕೆಯನ್ನು ಕ್ಲಸ್ಟರ್‌ನಲ್ಲಿ ಬಳಸಬಾರದು. ಜಾಲ ಮರಳಿದಾಗ ಹಳೆಯ ಬರಹಗಳು ಹೊಸ ಯಜಮಾನನ ಬರಹದ ಮೇಲೆ ಬಂದು ಬೀಳುವ ಭಯವಿದೆ.

ಕೋರಂ ಎಂಬ ಲೆಕ್ಕ

ಸರ್ವರ್‌ಗಳು ಸತತವಾಗಿ ಒಂದಕ್ಕೊಂದು ‘ನಾನಿದ್ದೇನೆ’ ಎಂಬ ಸಂದೇಶ ಕಳುಹಿಸುತ್ತಿರುತ್ತವೆ. ಇದಕ್ಕೆ ಹೃದಯಬಡಿತ ಎಂದು ಹೆಸರು. ಬಡಿತ ನಿಂತರೆ ಅದಕ್ಕೆ ಎರಡು ಅರ್ಥ ಸಾಧ್ಯ: ಆಚೆಯ ಸರ್ವರ್ ಸತ್ತಿದೆ, ಅಥವಾ ನಡುವಿನ ತಂತಿ ತುಂಡಾಗಿದೆ. ಈಚೆ ನಿಂತವನಿಗೆ ಇವೆರಡೂ ಒಂದೇ ರೀತಿ ಕಾಣುತ್ತವೆ. ಕ್ಲಸ್ಟರ್ ವಿಷಯದ ಕಷ್ಟಗಳೆಲ್ಲ ಈ ಒಂದು ಸಂಗತಿಯಿಂದ ಹುಟ್ಟುತ್ತವೆ ಎಂದರೆ ಅತಿಶಯೋಕ್ತಿಯಲ್ಲ. ತಂತಿ ಮಾತ್ರ ತುಂಡಾಗಿದ್ದು, ಇಬ್ಬರೂ ‘ಇನ್ನೊಬ್ಬ ಸತ್ತ, ಇನ್ನು ನಾನೇ ಯಜಮಾನ’ ಎಂದುಕೊಂಡರೆ ಒಂದೇ ದೇಹಕ್ಕೆ ಎರಡು ತಲೆ ಬಂದಂತೆ. ಇದನ್ನೇ ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ.

ಮೊದಲ ರಕ್ಷಣೆ ಕೋರಂ. ವಿಧಾನಸಭೆಯ ವರದಿ ಓದುವವರಿಗೆ ಇದು ಪರಿಚಿತ ಶಬ್ದ. ಸಂವಿಧಾನದ ಪ್ರಕಾರ ಸದನದ ಕೋರಂಗೆ ಹತ್ತು ಸದಸ್ಯರು ಅಥವಾ ಒಟ್ಟು ಬಲದ ಹತ್ತನೆಯ ಒಂದು ಪಾಲು, ಯಾವುದು ಹೆಚ್ಚೋ ಅಷ್ಟು ಸಾಕು. ಕ್ಲಸ್ಟರ್ ಇಷ್ಟು ಉದಾರಿಯಲ್ಲ, ಅರ್ಧಕ್ಕಿಂತ ಹೆಚ್ಚು ಮತ ಬೇಕು. ಐದು ಸರ್ವರ್‌ಗಳಲ್ಲಿ ಮೂರು ಒಟ್ಟಿಗಿದ್ದರೆ ಕೆಲಸ ಮುಂದುವರಿಯುತ್ತದೆ, ಬೇರ್ಪಟ್ಟ ಎರಡು ಸುಮ್ಮನಾಗುತ್ತವೆ. ಸೆಫ್‌ನ ಮೇಲ್ವಿಚಾರಕ ಘಟಕಗಳನ್ನು ಮೂರು ಅಥವಾ ಐದರಂತೆ ಬೆಸ ಸಂಖ್ಯೆಯಲ್ಲಿ ಇಡಲು ಹೇಳುವುದೂ ಇದೇ ಕಾರಣಕ್ಕೆ. ಗ್ಲಸ್ಟರ್‌ನಲ್ಲಿ ಎರಡೇ ಪ್ರತಿ ಇಟ್ಟವರು ಸ್ಪ್ಲಿಟ್ ಬ್ರೇನ್‌ಗೆ ಸಿಕ್ಕಿಕೊಂಡ ಮೇಲೆ, ಕಡತದ ಮಾಹಿತಿಯನ್ನು ಇಡದೆ ತೀರ್ಪು ಮಾತ್ರ ನೀಡುವ ಮೂರನೆಯ ಸಾಕ್ಷಿಯನ್ನು ಸೇರಿಸುವ ಸೌಲಭ್ಯ ಬಂದಿತು.

ಎರಡೇ ಸರ್ವರ್‌ಗಳಿರುವ ಕ್ಲಸ್ಟರ್‌ನಲ್ಲಿ ಬಹುಮತವೇ ಅಸಾಧ್ಯ. ಲಿನಕ್ಸ್ ಕ್ಲಸ್ಟರ್‌ಗಳಲ್ಲಿ ಹೃದಯಬಡಿತ ಮತ್ತು ಸದಸ್ಯತ್ವದ ಲೆಕ್ಕ ಇಡುವ ಕೊರೊಸಿಂಕ್ ತಂತ್ರಾಂಶ ಇದಕ್ಕೆಂದೇ ಒಂದು ವಿನಾಯಿತಿ ಕೊಟ್ಟಿದೆ: ಒಂದೇ ಉಳಿದರೂ ನಡೆಯಬಹುದು, ಆದರೆ ಮೊದಲ ಬಾರಿ ಆರಂಭವಾಗುವಾಗ ಇಬ್ಬರೂ ಹಾಜರಿರಬೇಕು. ಇದಕ್ಕಿಂತ ಉತ್ತಮ ಮಾರ್ಗವೆಂದರೆ ಬೇರೆ ಕೋಣೆಯಲ್ಲೋ ಬೇರೆ ಕಟ್ಟಡದಲ್ಲೋ ಇರುವ ಚಿಕ್ಕ ಯಂತ್ರವೊಂದಕ್ಕೆ ಮೂರನೆಯ ಮತ ಕೊಡುವುದು. ಹಳೆಯ ಕಂಪ್ಯೂಟರ್ ಕೂಡ ಈ ಕೆಲಸಕ್ಕೆ ಸಾಕು.

ಬೇಲಿಯೇ ಮುಖ್ಯ

ಕೋರಂ ಒಂದರಿಂದಲೇ ಮಾಹಿತಿ ಸುರಕ್ಷಿತವಾಗದು. ಬೇರ್ಪಟ್ಟ ಸರ್ವರ್ ಶಿಸ್ತಿನಿಂದ ಸುಮ್ಮನಾಗುತ್ತದೆಂಬ ನಂಬಿಕೆಯ ಮೇಲೆ ಅದು ನಿಂತಿದೆ. ಕೆಟ್ಟ ಸರ್ವರ್ ಶಿಸ್ತು ಪಾಲಿಸೀತೆ? ಅದು ಅರ್ಧ ನಿಮಿಷ ಸ್ತಬ್ಧವಾಗಿದ್ದು ಮತ್ತೆ ಎಚ್ಚರಗೊಳ್ಳಬಹುದು. ಎಚ್ಚರಗೊಂಡಾಗ ಕಾಲ ಕಳೆದದ್ದು ಅದಕ್ಕೆ ತಿಳಿಯದು. ಬರೆಯುತ್ತಿದ್ದ ಸಾಲನ್ನು ಮುಂದುವರಿಸುತ್ತದೆ. ಅಷ್ಟರಲ್ಲಿ ಎರಡನೆಯ ಸರ್ವರ್ ಡಿಸ್ಕನ್ನು ತೆರೆದಾಗಿರುತ್ತದೆ.

ಆದುದರಿಂದ ಸಂಪರ್ಕ ಕಳೆದುಕೊಂಡ ಸರ್ವರ್ ಮಾಹಿತಿಯನ್ನು ಮುಟ್ಟದಂತೆ ಹೊರಗಿನಿಂದಲೇ ಬಲವಂತವಾಗಿ ತಡೆದು, ಅದು ಖಚಿತವಾದ ನಂತರವೇ ಮುಂದಿನ ಹೆಜ್ಜೆ ಇಡಬೇಕು. ಈ ಕ್ರಿಯೆಗೆ ಫೆನ್ಸಿಂಗ್, ಅಂದರೆ ಬೇಲಿ ಹಾಕುವುದು ಎಂದು ಹೆಸರು. ಲಿನಕ್ಸ್ ಬಳಗದಲ್ಲಿ ಇದಕ್ಕೆ ಸ್ಟೋನಿತ್ ಎಂಬ ಒರಟು ಹೆಸರೂ ಇದೆ; ‘ಆಚೆಯ ಯಂತ್ರದ ತಲೆಗೇ ಗುಂಡಿಕ್ಕು’ ಎಂಬ ಮಾತಿನ ಮೊದಲಕ್ಷರಗಳವು.

ಬೇಲಿ ಹಾಕಲು ಹಲವು ವಿಧಾನಗಳಿವೆ. ಸರ್ವರ್‌ನ ತಾಯಿಹಲಗೆಯಲ್ಲಿರುವ ದೂರನಿಯಂತ್ರಣ ಘಟಕದ ಮೂಲಕ ವಿದ್ಯುತ್ ಕಡಿತಗೊಳಿಸುವುದು ಹೆಚ್ಚು ಬಳಕೆಯಲ್ಲಿದೆ. ಇದರಲ್ಲೊಂದು ಹುಳುಕಿದೆ. ಆ ಘಟಕಕ್ಕೂ ಅದೇ ಸರ್ವರ್‌ನ ವಿದ್ಯುತ್ತೇ ಆಧಾರ. ಸರ್ವರ್‌ಗೆ ಕರೆಂಟು ಹೋದರೆ ಘಟಕವೂ ಉತ್ತರಿಸದು. ‘ಆಚೆಯದು ಆರಿದೆಯೇ’ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಈಚೆಯ ಸರ್ವರ್ ಕಾಯುತ್ತಲೇ ಇರುತ್ತದೆ. ನಮ್ಮ ಊರುಗಳ ವಿದ್ಯುತ್ ಪರಿಸ್ಥಿತಿಯಲ್ಲಿ ಇದು ಕಾಲ್ಪನಿಕ ಪ್ರಸಂಗವಲ್ಲ. ಹೀಗಾಗಿ ಎರಡನೆಯ ವಿಧಾನವೊಂದನ್ನು ಹಿಂದೆ ಇಡಬೇಕು. ಜಾಲದಿಂದ ನಿಯಂತ್ರಿಸಬಲ್ಲ ವಿದ್ಯುತ್ ಪಟ್ಟಿ ಒಂದು. ಸ್ಟೋರೇಜ್ ಪೆಟ್ಟಿಗೆಯಿಂದಲೇ ತಡೆಯುವುದು ಇನ್ನೊಂದು: ಪ್ರತಿ ಸರ್ವರ್ ಡಿಸ್ಕಿನಲ್ಲಿ ತನ್ನ ಕೀಲಿ ನೋಂದಾಯಿಸಿರುತ್ತದೆ, ಕೆಟ್ಟ ಸರ್ವರ್‌ನ ಕೀಲಿಯನ್ನು ಉಳಿದವು ಅಳಿಸಿದರೆ ಪೆಟ್ಟಿಗೆ ಅದರ ಬರಹವನ್ನು ನಿರಾಕರಿಸುತ್ತದೆ. ವಿಂಡೋಸ್ ಕ್ಲಸ್ಟರ್‌ಗಳೂ ಇದೇ ಕಾಯ್ದಿರಿಸುವ ಪದ್ಧತಿಯನ್ನು ಅವಲಂಬಿಸಿವೆ. ವಾಚ್‌ಡಾಗ್, ಅಂದರೆ ಕಾವಲುನಾಯಿ ಎಂಬ ಯಂತ್ರಾಂಶದ ನೆರವಿನಿಂದ, ನಿಗದಿತ ವೇಳೆಯಲ್ಲಿ ಸಂಜ್ಞೆ ಕೊಡದ ಸರ್ವರ್ ತಾನಾಗಿ ಮರುಚಾಲನೆಗೊಳ್ಳುವಂತೆ ಮಾಡುವುದು ಮತ್ತೊಂದು ವಿಧಾನ.

ವಿದ್ಯುತ್ ಕಡಿತದ ಆದೇಶ ಬಂದಾಗ ಸರ್ವರ್ ನಿಧಾನವಾಗಿ, ಕ್ರಮಬದ್ಧವಾಗಿ ಮುಚ್ಚಿಕೊಳ್ಳಲು ಯತ್ನಿಸದೆ ಒಮ್ಮೆಲೇ ಆರುವಂತೆ ಬಯಾಸ್‌ನಲ್ಲಿ ಹೊಂದಿಸಬೇಕು. ಎರಡು ಸರ್ವರ್‌ಗಳಿದ್ದರೆ ಇಬ್ಬರೂ ಒಟ್ಟಿಗೆ ಗುಂಡು ಹಾರಿಸಿ ಇಬ್ಬರೂ ಮಲಗುವುದನ್ನು ತಪ್ಪಿಸಲು ಒಬ್ಬನ ವಿರುದ್ಧದ ಆದೇಶಕ್ಕೆ ಕೆಲವು ಸೆಕೆಂಡುಗಳ ವಿಳಂಬ ಇಡಬೇಕು.

ಬೇಲಿ ಖಚಿತವಾಗುವ ತನಕ ಕ್ಲಸ್ಟರ್ ಸ್ತಬ್ಧವಾಗಿರುತ್ತದೆ. ಹೊಸ ಆಡಳಿತಗಾರರು ಇದನ್ನು ದೋಷವೆಂದು ಭಾವಿಸಿ ಫೆನ್ಸಿಂಗನ್ನೇ ಬಂದ್ ಮಾಡುವುದುಂಟು. ಪ್ರಾತ್ಯಕ್ಷಿಕೆ ತೋರಿಸುವ ಅನೇಕ ಪಾಠಗಳ ಮೊದಲ ಹೆಜ್ಜೆಯೂ ದುರದೃಷ್ಟವಶಾತ್ ಅದೇ. ಆಮೇಲೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ, ತಂತಿ ತುಂಡಾಗುವ ದಿನದವರೆಗೆ.

ಗಿಟ್‌ಹಬ್‌ನ ಆ ಶನಿವಾರ

ಬೇಲಿ ಇದ್ದರೂ ಅದರ ವಿನ್ಯಾಸ ಎಷ್ಟು ಸೂಕ್ಷ್ಮ ಎಂಬುದಕ್ಕೆ 2012ರ ಡಿಸೆಂಬರ್ 22ರ ಘಟನೆ ಸಾಕ್ಷಿ. ಜಗತ್ತಿನ ತಂತ್ರಾಂಶ ರಚನೆಕಾರರು ತಮ್ಮ ಸಂಕೇತ ಕಡತಗಳನ್ನಿಡುವ ಗಿಟ್‌ಹಬ್‌ನ ಕಡತ ಸರ್ವರ್‌ಗಳು ಆಗ ಜೋಡಿಜೋಡಿಯಾಗಿದ್ದವು. ಜೋಡಿಯ ನಡುವೆ ಡಿಆರ್‌ಬಿಡಿ ಮಾಹಿತಿಯನ್ನು ನಕಲಿಸುತ್ತಿತ್ತು; ಯಾರು ಯಜಮಾನ ಎಂಬುದನ್ನು ಪೇಸ್‌ಮೇಕರ್ ಎಂಬ ತಂತ್ರಾಂಶ ನಿರ್ಧರಿಸುತ್ತಿತ್ತು. ಅಂದು ಸ್ವಿಚ್‌ಗಳ ನಿರ್ವಹಣಾ ಕಾರ್ಯದ ವೇಳೆ ಜಾಲ ಸುಮಾರು ಒಂದೂವರೆ ನಿಮಿಷ ಸ್ತಬ್ಧವಾಯಿತು. ಹೃದಯಬಡಿತ ಕೇಳಿಸದ ಸರ್ವರ್‌ಗಳು ಪರಸ್ಪರರನ್ನು ಆರಿಸಲು ಆದೇಶ ಹೊರಡಿಸಿದವು; ಆದರೆ ಜಾಲವೇ ಇಲ್ಲದಿದ್ದಾಗ ಆದೇಶ ತಲುಪುವುದೆಲ್ಲಿಗೆ? ಜಾಲ ಮರಳಿದಾಗ ಕೆಲವು ಜೋಡಿಗಳಲ್ಲಿ ಇಬ್ಬರೂ ಯಜಮಾನಿಕೆಗೆ ಮುಂದಾಗಿ, ಒಬ್ಬರನ್ನೊಬ್ಬರು ಆರಿಸಿ, ಎರಡೂ ಯಂತ್ರಗಳು ನಿಂತವು.

ಜಾಲ ಕೆಟ್ಟದ್ದು ನಿಮಿಷಗಳ ಲೆಕ್ಕದಲ್ಲಿ, ಸೇವೆ ಮರಳಲು ಹಿಡಿದದ್ದು ಗಂಟೆಗಳ ಲೆಕ್ಕದಲ್ಲಿ. ಪ್ರತಿ ಜೋಡಿಯಲ್ಲೂ ಕೊನೆಗೆ ಯಜಮಾನನಾಗಿದ್ದದ್ದು ಯಾವುದೆಂದು ಎಂಜಿನಿಯರ್‌ಗಳು ಮೊದಲು ಗುರುತಿಸಬೇಕಾಗಿತ್ತು. ತಪ್ಪು ಸರ್ವರನ್ನು ಮೊದಲು ಎಬ್ಬಿಸಿದ್ದರೆ ಅದರ ಹಳೆಯ ಮಾಹಿತಿಯೇ ಊರ್ಜಿತವಾಗುವ ಅಪಾಯವಿತ್ತು. ಕಂಪನಿ ಇದೆಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದ್ದು ಇತರರಿಗೆ ಉಪಕಾರವಾಯಿತು. ಸ್ವಿಚ್‌ನ ದುರಸ್ತಿಗೆ ಮುನ್ನ ಕ್ಲಸ್ಟರನ್ನು ‘ನಿರ್ವಹಣಾ ಸ್ಥಿತಿ’ಗೆ ತಂದು ತಾತ್ಕಾಲಿಕವಾಗಿ ಸ್ವಯಂ ನಿರ್ಧಾರಗಳನ್ನು ನಿಲ್ಲಿಸುವ ಸೌಲಭ್ಯ ಪೇಸ್‌ಮೇಕರ್‌ನಲ್ಲಿದೆ. ಬೇಲಿಯ ಆದೇಶ ಸಾಗುವ ಜಾಲ, ಹೃದಯಬಡಿತದ ಜಾಲ ಇವೆರಡೂ ಒಂದೇ ಸ್ವಿಚ್‌ನಲ್ಲಿ ಇರಬಾರದು ಎಂಬುದನ್ನೂ ಇಲ್ಲಿಂದ ಅರಿಯಬಹುದು.

ಇಬ್ಬರೂ ಬರೆಯಲೇಬೇಕಾದಲ್ಲಿ

ಎಲ್ಲ ಸರ್ವರ್‌ಗಳೂ ಏಕಕಾಲಕ್ಕೆ ಬರೆಯಬೇಕಾದಾಗ ಕ್ಲಸ್ಟರ್ ಕಡತ ವ್ಯವಸ್ಥೆ ಬೇಕು. ಇವು ಬೀಗದ ತತ್ವದ ಮೇಲೆ ನಿಂತಿವೆ. ಪುಟ ಮುಟ್ಟುವ ಮುನ್ನ ಗುಮಾಸ್ತ ಅದರ ಬೀಗ ಕೇಳಿ ಪಡೆಯಬೇಕು. ಹಿಂದಿರುಗಿಸುವ ಮುನ್ನ ತಾನು ನೆನಪಿನಲ್ಲಿಟ್ಟದ್ದನ್ನು ವಹಿಗೆ ಇಳಿಸಬೇಕು. ಹೀಗೆ ಬೀಗಗಳನ್ನು ಯಂತ್ರಗಳ ನಡುವೆ ಹಂಚುವ ಕಲ್ಪನೆಗೆ ಡಿಜಿಟಲ್ ಕಂಪನಿ 1983ರಲ್ಲಿ ಪ್ರಕಟಿಸಿದ ವ್ಯಾಕ್ಸ್ ಕ್ಲಸ್ಟರ್ ಖ್ಯಾತಿ ತಂದಿತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ ಜಿಎಫ್ಎಸ್‌ನ ಉತ್ತರಾಧಿಕಾರಿ ಜಿಎಫ್ಎಸ್2, ಒರಾಕಲ್‌ನ ಓಸಿಎಫ್ಎಸ್2 ಎರಡೂ 2006ರಲ್ಲಿ ಲಿನಕ್ಸ್ ಕರ್ನಲ್ ಸೇರಿದವು. ವಿಎಂವೇರ್‌ನ ವಿಎಂಎಫ್ಎಸ್ ಕೂಡ ಈ ಜಾತಿಗೆ ಸೇರಿದ್ದೇ.

ಜಿಎಫ್ಎಸ್2ನಲ್ಲಿ ಫಾರ್ಮ್ಯಾಟ್ ಮಾಡುವಾಗ ಸರ್ವರ್ ಒಂದಕ್ಕೆ ಒಂದರಂತೆ ಜರ್ನಲ್ ಎಂಬ ದಿನಚರಿ ವಹಿಯನ್ನು ಕಾಯ್ದಿರಿಸಬೇಕು. ಕ್ಲಸ್ಟರ್‌ನ ಹೆಸರನ್ನು ಡಿಸ್ಕಿನ ಮೇಲೆಯೇ ಬರೆಯಲಾಗುತ್ತದೆ. ಹೆಸರು ಹೊಂದದಿದ್ದರೆ ತೆರೆಯುವುದಿಲ್ಲ. ಕೋರಂ ತಪ್ಪಿದಾಗ ಸೇವೆಗಳನ್ನು ‘ನಿಲ್ಲಿಸು’ ಎಂಬ ಪೂರ್ವನಿಗದಿತ ನೀತಿಯ ಬದಲು ‘ಹೆಪ್ಪುಗಟ್ಟಿಸು’ ಎಂಬುದನ್ನು ಆರಿಸಬೇಕು. ಕಾರಣವಿಷ್ಟೆ: ಕಡತ ವ್ಯವಸ್ಥೆಯನ್ನು ಕ್ರಮಬದ್ಧವಾಗಿ ಮುಚ್ಚಲು ಬೀಗಗಳು ಬೇಕು, ಬೀಗಗಳಿಗೆ ಕೋರಂ ಬೇಕು; ಕೋರಂ ಇಲ್ಲದಾಗ ಮುಚ್ಚಲು ಹೊರಟರೆ ಅದು ವಿಫಲವಾಗಿ ಇಡೀ ಕ್ಲಸ್ಟರ್ ಮರುಚಾಲನೆಗೆ ಗುರಿಯಾಗುತ್ತದೆ. ಕಡತ ಓದಿದ ವೇಳೆಯನ್ನು ದಾಖಲಿಸುವ ಸೌಲಭ್ಯವನ್ನೂ ನಿಲ್ಲಿಸುವುದು ಒಳ್ಳೆಯದು. ಇಲ್ಲವಾದರೆ ಬರೀ ಓದಿದ್ದಕ್ಕೂ ಬರಹದ ಬೀಗ ಬೇಕಾಗುತ್ತದೆ.

ವೇಗದ ನಿರೀಕ್ಷೆ ಮಿತವಾಗಿರಲಿ. ಎರಡು ಸರ್ವರ್‌ಗಳು ಒಂದೇ ಕೋಶದಲ್ಲಿ ಸಾವಿರಾರು ಚಿಕ್ಕ ಕಡತಗಳನ್ನು ಸೃಷ್ಟಿಸತೊಡಗಿದರೆ ಬೀಗ ಆಚೆಯಿಂದೀಚೆಗೆ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ಸರ್ವರ್‌ಗೊಂದು ಕೋಶ ಕೊಟ್ಟರೆ ಈ ಬಾಧೆ ಬಹುಮಟ್ಟಿಗೆ ತಪ್ಪುತ್ತದೆ. ರೆಡ್ ಹ್ಯಾಟ್ ಕಂಪನಿ 2025ರಲ್ಲಿ ಬಂದ ತನ್ನ ಲಿನಕ್ಸ್‌ನ 10ನೆಯ ಆವೃತ್ತಿಯಿಂದ ಜಿಎಫ್ಎಸ್2 ಒಳಗೊಂಡ ಉತ್ಪನ್ನವನ್ನು ಕೈಬಿಟ್ಟಿದೆ ಎಂಬುದನ್ನೂ ಹೊಸ ಯೋಜನೆ ಹಾಕುವವರು ಗಮನಿಸಬೇಕು. ಒಂದು ಹೊತ್ತಿಗೆ ಒಂದೇ ಸರ್ವರ್ ಬರೆಯುವ ಸರಳ ವಿಧಾನದ ಪರವಾಗಿ ಇದು ಮತ್ತೊಂದು ಕಾರಣ.

ಯಾವ ವಿಧಾನವೇ ಇರಲಿ, ಹಂಚಿಕೆಯ ಡಿಸ್ಕನ್ನು ಸರ್ವರ್ ಆರಂಭವಾಗುವಾಗ ತಾನೇ ತೆರೆಯುವಂತೆ ಆರಂಭಿಕ ಪಟ್ಟಿಯಲ್ಲಿ ನಮೂದಿಸಬಾರದು. ಅದನ್ನು ತೆರೆಯುವ ಮುಚ್ಚುವ ಅಧಿಕಾರ ಪೇಸ್‌ಮೇಕರ್‌ನಂತಹ ಕ್ಲಸ್ಟರ್ ತಂತ್ರಾಂಶಕ್ಕೆ ಮಾತ್ರ ಇರತಕ್ಕದ್ದು.

ಪರೀಕ್ಷೆ ಮತ್ತು ಕೊನೆಯ ಆದೇಶ

ಬಳಕೆದಾರರ ಮಾಹಿತಿ ತುಂಬುವ ಮುನ್ನವೇ ಕ್ಲಸ್ಟರನ್ನು ಕೆಡಿಸಿ ನೋಡಬೇಕು. ಜಾಲದ ತಂತಿಯನ್ನು ಕೈಯಿಂದ ಕೀಳಿ. ವಿದ್ಯುತ್ ತಂತಿಯನ್ನು ಕೀಳಿ. ಕರ್ನಲ್ಲನ್ನು ಬೇಕೆಂದೇ ಕುಸಿಯುವಂತೆ ಮಾಡಿ. ಸ್ಟೋರೇಜ್‌ನ ಒಂದು ದಾರಿಯನ್ನು, ಆಮೇಲೆ ಎರಡನ್ನೂ ಕಡಿಯಿರಿ. ಆದೇಶ ಕೊಟ್ಟು ಜಾಲ ಕಾರ್ಡನ್ನು ‘ಬಂದ್’ ಮಾಡುವುದು ತಂತಿ ಕಿತ್ತದ್ದಕ್ಕೆ ಸಮನಲ್ಲ. ಅದರಿಂದ ಬಂದ ಫಲಿತಾಂಶ ದಾರಿ ತಪ್ಪಿಸಬಹುದು. ಪ್ರತಿ ಬಾರಿಯೂ ಯಾವುದು ಆರಿತು, ಎಷ್ಟು ಸೆಕೆಂಡಿಗೆ ಸೇವೆ ಮರಳಿತು ಎಂದು ಬರೆದಿಡುವುದು ಒಳಿತು.

ಪಡಿಯಚ್ಚು ಬ್ಯಾಕಪ್ ಅಲ್ಲ. ಯಾರೋ ತಪ್ಪಾಗಿ ಅಳಿಸಿದ ಕಡತ ಎರಡೂ ಕಡೆ ಅದೇ ಕ್ಷಣದಲ್ಲಿ ಅಳಿಯುತ್ತದೆ. ಬ್ಯಾಕಪ್ ಪ್ರತ್ಯೇಕವಾಗಿ, ಬೇರೆ ಪೆಟ್ಟಿಗೆಯಲ್ಲಿ ಇರಬೇಕು.

ಎಲ್ಲ ಬೇಲಿಗಳೂ ವಿಫಲವಾದಾಗ ಪೇಸ್‌ಮೇಕರ್ ಮನುಷ್ಯನ ಮಾತಿಗೆ ಕಾಯುತ್ತದೆ. ‘ಆಚೆಯ ಸರ್ವರ್ ಆರಿದೆ ಎಂದು ನಾನು ಖಚಿತಪಡಿಸುತ್ತೇನೆ’ ಎಂಬ ಅರ್ಥದ ಆದೇಶವೊಂದಿದೆ. ಅದನ್ನು ಕೊಟ್ಟ ಕ್ಷಣದಿಂದ ಕ್ಲಸ್ಟರ್ ಆ ಮಾತನ್ನು ಪ್ರಶ್ನಿಸದೆ ನಂಬಿ ಡಿಸ್ಕನ್ನು ತೆರೆಯುತ್ತದೆ. ರಾತ್ರಿ ಮನೆಯಿಂದ, ಪರದೆಯ ಮೇಲೆ ಉತ್ತರ ಬರಲಿಲ್ಲವೆಂಬ ಆಧಾರದಲ್ಲಿ ಇದನ್ನು ಕೊಡುವಂತಿಲ್ಲ. ಸರ್ವರ್ ಕೋಣೆಗೆ ಹೋಗಿ, ಆ ಯಂತ್ರದ ಎರಡೂ ವಿದ್ಯುತ್ ತಂತಿಗಳನ್ನು ಕಿತ್ತು, ದೀಪ ಆರಿದ್ದನ್ನು ಕಣ್ಣಾರೆ ಕಂಡ ಬಳಿಕವೇ ಆ ಆದೇಶವನ್ನು ಟೈಪಿಸಬೇಕು.